ಕೇಂಬ್ರಿಡ್ಜ್ ಡಿಕ್ಷನರಿಯ ಸ್ಪೀಕರ್ ಬಟನ್: ತುಮಕೂರಿನ ನಾಲಗೆಗೆ ಎಷ್ಟು ಉಪಯೋಗ?

ತುಮಕೂರಿನಲ್ಲಿ ಸ್ಪೋಕನ್ ಇಂಗ್ಲಿಷ್ ಬೋರ್ಡುಗಳಿಗೆ ಬರವಿಲ್ಲ. ವ್ಯಾಕರಣ ಕಲಿಸುವವರು ಸಿಗುತ್ತಾರೆ, ಧೈರ್ಯವಾಗಿ ನಾಲ್ಕು ಮಾತು ಆಡಿಸುವವರೂ ಸಿಗುತ್ತಾರೆ. ಉಚ್ಚಾರಣೆಯೊಂದನ್ನೇ ಹಿಡಿದು ತಿದ್ದುವವರು ಕಡಿಮೆ. ಅಂಥ ತರಗತಿಗೆ ದುಡ್ಡು ಕಟ್ಟುವ ಮೊದಲು ಕೈಯಲ್ಲಿರುವ ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ಒಂದು ಸಾಧನವನ್ನು ತಿಂಗಳ ಮಟ್ಟಿಗೆ ಸರಿಯಾಗಿ ಬಳಸಿ ನೋಡಬೇಕು: ಕೇಂಬ್ರಿಡ್ಜ್ ಆನ್‌ಲೈನ್ ಡಿಕ್ಷನರಿ. ಬಹಳ ಜನ ಇದನ್ನು ಅರ್ಥ ನೋಡಲು ತೆರೆಯುತ್ತಾರೆ, ಅರ್ಥ ಸಿಕ್ಕ ಕೂಡಲೇ ಮುಚ್ಚುತ್ತಾರೆ. ಪದದ ಕೆಳಗಿರುವ ಆ ಪುಟ್ಟ ಸ್ಪೀಕರ್ ಚಿಹ್ನೆಯಲ್ಲಿ ಏನಿದೆ, ಕನ್ನಡ ಮನೆಮಾತಿನವರಿಗೆ ಅದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದೇ ಈ ವಿಮರ್ಶೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಪದದ ಯಾವ ಭಾಗವನ್ನು ಒತ್ತಬೇಕು, ಯಾವ ಸ್ವರವನ್ನು ಎಳೆಯಬೇಕು, ಯಾವುದನ್ನು ನುಂಗಬೇಕು ಎಂಬ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪುಕ್ಕಟೆ ಗುರು ಸಿಗುವುದು ಕಷ್ಟ. ಆದರೆ ಬಾಯೊಳಗೆ ನಾಲಗೆ ಎಲ್ಲಿರಬೇಕು ಎಂದು ಸ್ಪೀಕರ್ ಬಟನ್ ಹೇಳುವುದಿಲ್ಲ. ಆ ಕೊರತೆಯನ್ನು ನಮ್ಮ ವರ್ಣಮಾಲೆಯಿಂದಲೇ ಬಹುಮಟ್ಟಿಗೆ ತುಂಬಿಕೊಳ್ಳಬಹುದು.

ಒಂದು ಪದ ಹುಡುಕಿದರೆ ಎರಡು ಸ್ಪೀಕರ್ ಕಾಣುತ್ತವೆ, ಒಂದು ಯುಕೆ, ಇನ್ನೊಂದು ಯುಎಸ್. ಪಕ್ಕದಲ್ಲಿ ಎರಡು ಓರೆ ಗೀಟುಗಳ ನಡುವೆ ಧ್ವನಿಲಿಪಿ ಇರುತ್ತದೆ. ಅದನ್ನು ಪೂರ್ತಿ ಕಲಿಯುವ ಅಗತ್ಯವಿಲ್ಲ. ನಾಲ್ಕು ಗುರುತು ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಮೇಲ್ಭಾಗದಲ್ಲಿರುವ ಸಣ್ಣ ನಿಂತ ಗೀಟು: ಅದರ ಮುಂದಿನ ಭಾಗದ ಮೇಲೆ ಒತ್ತು. ಅಕ್ಷರದ ಪಕ್ಕ ಮೇಲೊಂದು ಕೆಳಗೊಂದು ಚುಕ್ಕೆ: ಸ್ವರ ದೀರ್ಘ. ಸಾಲಿನ ಮೇಲೆ ಕೂತ ಒಂಟಿ ಚುಕ್ಕೆ: ಇಲ್ಲಿಗೆ ಒಂದು ಭಾಗ ಮುಗಿಯಿತು. ತಲೆಕೆಳಗಾಗಿ ತಿರುಗಿಸಿದ ಇಂಗ್ಲಿಷಿನ ‘ಇ’ (e) ಅಕ್ಷರ: ಬಾಯಿ ಸಡಿಲ ಬಿಟ್ಟು ಹೇಳುವ ಅರೆಬರೆ ‘ಅ’. ಈ ನಾಲ್ಕನೆಯದೇ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸ್ವರ. ಕನ್ನಡದಲ್ಲಿ ಇದಕ್ಕೆ ಅಕ್ಷರವೇ ಇಲ್ಲ. ನಮ್ಮ ಇಂಗ್ಲಿಷ್ ಬೇರೆಯಾಗಿ ಕೇಳಿಸಲು ಇದೊಂದು ದೊಡ್ಡ ಕಾರಣ.

ಒಂದು ಜೋಡಿಯನ್ನು ಹತ್ತಿರದಿಂದ ನೋಡಿ. ಕನ್ನಡದಲ್ಲಿ ‘ಆಫೀಸ್’ ಎಂದು ಬರೆಯುತ್ತೇವೆ, ‘ಪೊಲೀಸ್’ ಎಂದೂ ಬರೆಯುತ್ತೇವೆ. ಎರಡರ ಬಾಲವೂ ‘ಈಸ್’. ಡಿಕ್ಷನರಿಯಲ್ಲಿ ಎರಡನ್ನೂ ಒತ್ತಿ ಕೇಳಿದರೆ ಪೊಲೀಸ್ ನಮ್ಮ ಬಾಯಲ್ಲಿ ಬಂದ ಹಾಗೇ ಇದೆ: ಒತ್ತು ಎರಡನೆಯ ಭಾಗದ ಮೇಲೆ, ಸ್ವರ ದೀರ್ಘ. ಆಫೀಸ್ ಮಾತ್ರ ಬೇರೆ. ಅಲ್ಲಿ ಒತ್ತು ಮೊದಲ ಭಾಗದ ಮೇಲೆ, ಬಾಲ ಹ್ರಸ್ವ, ‘ಆಫಿಸ್’ ಎನ್ನುವಂತೆ. ನಾವು ‘ಫೀ’ ಎಂದು ಎಳೆದ ಕೂಡಲೇ ಒತ್ತು ಅಲ್ಲಿಗೆ ಜಾರುತ್ತದೆ, ಕೇಳುವವನಿಗೆ ಪದದ ಆಕಾರವೇ ಬದಲಾಗುತ್ತದೆ. ಇದೇ ದಾರಿಯಲ್ಲಿ ಕಾಲೇಜ್, ವಿಲೇಜ್, ಮೆಸೇಜ್, ಡ್ಯಾಮೇಜ್, ಪ್ಯಾಕೇಜ್. ನಾವು ಎಳೆಯುವ ‘ಏಜ್’ ಮೂಲದಲ್ಲಿ ‘ಇಜ್’ ಅಷ್ಟೇ: ಕಾಲಿಜ್, ವಿಲಿಜ್, ಮೆಸಿಜ್, ಡ್ಯಾಮಿಜ್, ಪ್ಯಾಕಿಜ್. ಟಿಕೇಟು, ಪ್ಯಾಕೇಟು ಕೂಡ ಹಾಗೆಯೇ, ‘ಟಿಕಿಟ್’, ‘ಪ್ಯಾಕಿಟ್’. ಗ್ಯಾರೇಜ್ ಮಾತ್ರ ಈ ಗುಂಪಿಗೆ ಸರಿಯಾಗಿ ಸೇರುವುದಿಲ್ಲ, ಯುಕೆ ಮತ್ತು ಯುಎಸ್ ಎರಡನ್ನೂ ಒತ್ತಿ ಕೇಳಿ ನೋಡಿ.

ಛಂದಸ್ಸು ಓದಿದವರಿಗೆ ಲಘು-ಗುರು ಹಾಕುವುದು ಗೊತ್ತು. ಕನ್ನಡದಲ್ಲಿ ಅಕ್ಷರ ನೋಡಿದರೆ ಸಾಕು, ಯಾವುದು ಗುರು ಎಂದು ಹೇಳಬಹುದು: ದೀರ್ಘವಿದ್ದರೆ ಗುರು, ಒತ್ತಕ್ಷರದ ಹಿಂದಿನದು ಗುರು. ಇಂಗ್ಲಿಷಿನ ಒತ್ತು ಹಾಗೆ ಕಾಗುಣಿತದಲ್ಲಿ ಕಾಣುವುದಿಲ್ಲ. ಅದನ್ನು ಪ್ರತಿ ಪದಕ್ಕೂ ನೋಡಿಯೇ ತಿಳಿಯಬೇಕು. ನಮ್ಮ ಅಭ್ಯಾಸವೋ, ಕನ್ನಡದಂತೆ ಮೊದಲ ಅಕ್ಷರಕ್ಕೇ ತೂಕ ಕೊಡುವುದು, ಇಲ್ಲವೇ ಎಲ್ಲ ಅಕ್ಷರಕ್ಕೂ ಸಮ ತೂಕ ಹಂಚುವುದು. ವಸಂತನರಸಾಪುರದ ಕಾರ್ಖಾನೆಗಳಲ್ಲೋ ಮೆಷಿನ್ ಟೂಲ್ ಪಾರ್ಕಿನಲ್ಲೋ ಕೆಲಸ ಮಾಡುವವರು, ಹೊರದೇಶದ ಗ್ರಾಹಕರ ಜೊತೆ ಕಾಲ್‌ನಲ್ಲಿ ಕೂರುವವರು, ಮೊದಲ ವಾರ ಈ ಆರು ಪದ ಇಟ್ಟುಕೊಳ್ಳಲಿ. ಮೆಷಿನ್: ಒತ್ತು ‘ಷೀ’ ಮೇಲೆ. ಕಾಂಪೊನೆಂಟ್: ಒತ್ತು ನಡುವಿನ ‘ಪೋ’ ಮೇಲೆ, ಮೊದಲ ಭಾಗ ಬರೀ ‘ಕಂ’. ಇಕ್ವಿಪ್‌ಮೆಂಟ್: ಒತ್ತು ‘ಕ್ವಿಪ್’ ಮೇಲೆ. ಡೆವಲಪ್: ‘ಡಿವೆಲಪ್’, ಒತ್ತು ‘ವೆ’ ಮೇಲೆ. ಪರ್ಸೆಂಟ್: ಒತ್ತು ‘ಸೆಂಟ್’ ಮೇಲೆ. ಇಂಡಸ್ಟ್ರಿ: ಇಲ್ಲಿ ಒತ್ತು ಮೊದಲಿಗೇ, ‘ಇನ್’ ಮೇಲೆ. ಬಹಳ ಮಂದಿ ‘ಡಸ್’ ಮೇಲೆ ಹಾಕುತ್ತಾರೆ.

ಒತ್ತು ಎಂದರೆ ಕೂಗುವುದಲ್ಲ. ಒತ್ತಿನ ಭಾಗ ಸ್ವಲ್ಪ ಉದ್ದ, ಸ್ವಲ್ಪ ಎತ್ತರದ ಸ್ವರ, ಸ್ವಲ್ಪ ಜೋರು. ಉಳಿದ ಭಾಗಗಳು ಅದೇ ಅಳತೆಯಲ್ಲಿ ಕುಗ್ಗಬೇಕು. ಒತ್ತು ಹಾಕುವುದನ್ನು ಜನ ಬೇಗ ಕಲಿಯುತ್ತಾರೆ. ಉಳಿದದ್ದನ್ನು ಕುಗ್ಗಿಸಲು ಮನಸ್ಸು ಒಪ್ಪುವುದಿಲ್ಲ, ಅಕ್ಷರ ನುಂಗಿದರೆ ತಪ್ಪು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ‘ಕಂಫರ್ಟೇಬಲ್’ ಎನ್ನುವುದನ್ನು ಡಿಕ್ಷನರಿಯಲ್ಲಿ ಕೇಳಿ: ‘ಕಂಫ್ಟಬಲ್’, ಮೂರೇ ತುಂಡು. ‘ವೆಜಿಟೇಬಲ್’ ಕೂಡ ‘ವೆಜ್‌ಟಬಲ್’.

ಸಂಖ್ಯೆಗಳಿಗೆ ಒಂದು ದಿನ ಪೂರ್ತಿ ಕೊಡಬೇಕು. ಹದಿನೈದೋ ಐವತ್ತೋ ಎಂಬ ಗೊಂದಲ ಅಳತೆಯಲ್ಲಿ, ರೇಟಿನಲ್ಲಿ, ದಿನಾಂಕದಲ್ಲಿ ನಷ್ಟ ತರುತ್ತದೆ. ‘ಫಿಫ್ಟೀನ್’ನಲ್ಲಿ ‘ಟೀನ್’ ಉದ್ದ, ಕೊನೆಯ ‘ನ್’ ಸ್ಪಷ್ಟ. ‘ಫಿಫ್ಟಿ’ಯಲ್ಲಿ ಒತ್ತು ‘ಫಿಫ್’ ಮೇಲೆ, ‘ಟಿ’ ಚಿಕ್ಕದು. ನಮ್ಮವರು ‘ಫಿಫ್ಟೀ’ ಎಂದು ಬಾಲ ಎಳೆಯುವುದರಿಂದಲೇ ಗೊಂದಲ. 13ರಿಂದ 19 ಮತ್ತು 30ರಿಂದ 90 ಜೋಡಿ ಜೋಡಿಯಾಗಿ ಕೇಳಿ ಹೇಳಿ.

ಇನ್ನು ಸ್ಪೀಕರ್ ಬಟನ್ ಸೋಲುವ ಜಾಗ. ಕಿವಿ ತನಗೆ ಗೊತ್ತಿರುವ ಸದ್ದನ್ನೇ ಕೇಳಿಸಿಕೊಳ್ಳುತ್ತದೆ. ‘ಪಿನ್’ ಎಂದು ಡಿಕ್ಷನರಿ ನೂರು ಸಲ ಹೇಳಿದರೂ ಕನ್ನಡದ ಕಿವಿಗೆ ನಮ್ಮ ‘ಪ’ವೇ ಕೇಳಿಸುತ್ತದೆ. ಆದರೆ ಅಲ್ಲಿರುವುದು ಬರೀ ‘ಪ’ ಅಲ್ಲ, ಉಸಿರು ಸೇರಿದ ‘ಪ’. ನಮ್ಮ ಉಸಿರಿಲ್ಲದ ‘ಪಿನ್’ ಅವರ ಕಿವಿಗೆ ‘ಬಿನ್’ ಎಂದು ಕೇಳಿಸಬಹುದು. ಪರೀಕ್ಷೆ ಸುಲಭ: ದಿನಪತ್ರಿಕೆಯಿಂದ ಎರಡು ಬೆರಳಗಲದ ಪಟ್ಟಿ ಹರಿದು ತುಟಿಯಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಇಳಿಬಿಡಿ. ‘ಪಿನ್’ ಎಂದಾಗ ಪಟ್ಟಿ ಅಲುಗಬೇಕು, ‘ಸ್ಪಿನ್’ ಎಂದಾಗ ಅಲುಗಬಾರದು, ಏಕೆಂದರೆ ‘ಸ್’ ನಂತರ ಆ ಉಸಿರು ಇರುವುದಿಲ್ಲ. ವರ್ಣಮಾಲೆಯ ಪ್ರಕಾರ ‘ಫ’ ಎಂದರೆ ಎರಡೂ ತುಟಿ ಮುಚ್ಚಿ ಉಸಿರಿನೊಂದಿಗೆ ಬಿಡುವ ಸದ್ದು. ಈಗ ಅದನ್ನು ಹಲ್ಲು ತಾಗಿಸಿ ಹೇಳುವ ಅಭ್ಯಾಸ ಬಂದಿದೆ. ‘ಪಿನ್’ಗೆ ಬೇಕಿರುವುದು ವರ್ಣಮಾಲೆಯ ಆ ಹಳೆಯ ‘ಫ’. ಹಲ್ಲು ತಾಗಿಸುವ ಹೊಸ ‘ಫ’ ಬೇಕಿರುವುದು ‘ಫೋನ್’, ‘ಫಸ್ಟ್’ ಎನ್ನುವಾಗ. ಹಳ್ಳಿ ಕಡೆಯ ‘ಪೋನು’, ‘ಪಸ್ಟು’ ಇಲ್ಲಿ ತಿದ್ದಬೇಕಾದ್ದು. ಪದದ ಮೊದಲಿಗೆ ಬರುವ ‘ಟಿ’, ‘ಕೆ’ ಸದ್ದಿಗೂ ಅದೇ ಉಸಿರು.

ಪ್ರಾಥಮಿಕ ಶಾಲೆಯಲ್ಲೇ ಕ ಚ ಟ ತ ಪ ಎಂದು ಗಂಟಲಿನಿಂದ ತುಟಿಯವರೆಗೆ ಸಾಲಾಗಿ ಕಲಿತ ನಮಗೆ ಉಚ್ಚಾರಣೆಯ ಸ್ಥಾನ ಹೊಸ ವಿಷಯವಲ್ಲ. ‘ತಟ್ಟೆ ಇಡ್ಲಿ’ ಎಂದು ನಿಧಾನವಾಗಿ ಹೇಳಿ ನೋಡಿ. ‘ತ’ಗೆ ನಾಲಗೆ ಹಲ್ಲಿಗೆ ತಾಗಿತು, ‘ಟ್ಟೆ’ಗೆ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿತು. ಇಂಗ್ಲಿಷಿನ ‘ಟಿ’, ‘ಡಿ’ ಈ ಎರಡೂ ಅಲ್ಲ, ನಡುವಿನ ಒಂದು ಜಾಗ. ಆ ಜಾಗ ‘ಇಡ್ಲಿ’ಯ ‘ಲಿ’ಯಲ್ಲೇ ಇದೆ: ‘ಲ’ ಹೇಳುವಾಗ ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದಿನ ಉಬ್ಬಿಗೆ ತಾಗುತ್ತದೆ. ‘ಲ’ ಎಂದು ಹಿಡಿದು, ನಾಲಗೆಯನ್ನು ಅಲ್ಲಿಂದ ಕದಲಿಸದೆ ‘ಟೀ’ ಎಂದು ಬಿಡಿ. ಮೊದಲ ಕೆಲವು ದಿನ ಸದ್ದು ತೆಳುವಾಗಿದೆ ಎನ್ನಿಸುತ್ತದೆ. ಆ ತೆಳುವೇ ಸರಿ.

‘ಥಿಂಕ್’, ‘ಥ್ಯಾಂಕ್ಸ್’ ಎನ್ನುವಲ್ಲಿ ಕನ್ನಡ ಲಿಪಿಯೇ ದಾರಿ ತಪ್ಪಿಸುತ್ತದೆ. ‘ಥ’ದಲ್ಲಿ ನಾಲಗೆ ಹಲ್ಲಿಗೆ ಅಂಟಿ ಗಾಳಿಯನ್ನು ತಡೆದು ಬಿಡುತ್ತದೆ. ಇಂಗ್ಲಿಷಿನ ಆ ಸದ್ದಿನಲ್ಲಿ ತಡೆಯೇ ಇಲ್ಲ. ನಾಲಗೆಯ ತುದಿ ಹಲ್ಲುಗಳ ನಡುವೆ ಸ್ವಲ್ಪವೇ ಇಣುಕಿ ಗಾಳಿ ಜಾರಿಹೋಗುತ್ತಿರಬೇಕು. ‘ಸ’ ಎಳೆಯುವ ಹಾಗೆ ಎರಡು ಸೆಕೆಂಡ್ ಎಳೆಯಲು ಬಂದರೆ ಸರಿ, ಎಳೆಯಲು ಬಾರದೆ ನಿಂತರೆ ಅದು ನಮ್ಮ ‘ಥ’. ಆದರೆ ಇದಕ್ಕೇ ತಿಂಗಳುಗಟ್ಟಲೆ ಕೂರಬೇಡಿ. ಈ ಸದ್ದು ಸ್ವಲ್ಪ ಆಚೀಚೆ ಆದರೂ ಕೇಳುವವರಿಗೆ ಅರ್ಥವಾಗುತ್ತದೆ. ಒತ್ತು ತಪ್ಪಿದರೆ ಅರ್ಥವೇ ಆಗದಿರಬಹುದು.

‘ವಿ’ ಮತ್ತು ‘ಡಬ್ಲ್ಯು’: ನಮ್ಮ ‘ವ’ ಎರಡರ ನಡುವೆ ನಿಂತಿದೆ. ‘ವೆಸ್ಟ್’ ಎಂದರೆ ಒಳಂಗಿಯೋ ಪಶ್ಚಿಮವೋ ಗೊತ್ತಾಗುವುದಿಲ್ಲ. ಒಳಂಗಿಗೆ ಮೇಲಿನ ಹಲ್ಲು ಕೆಳತುಟಿಯ ಮೇಲೆ ಕೂತು ತುಟಿ ಜುಮ್ಮೆನ್ನಬೇಕು. ಪಶ್ಚಿಮಕ್ಕೆ ಹಲ್ಲು ತಾಗಲೇಬಾರದು, ‘ಉ’ ಎನ್ನುವಂತೆ ತುಟಿ ದುಂಡಗಾಗಿ ತೆರೆಯಬೇಕು. ಕನ್ನಡಿ ಮುಂದೆ ಎರಡು ದಿನದಲ್ಲಿ ಬರುವ ಕೆಲಸ ಇದು.

‘ಝಡ್’ ಸದ್ದಿಗೆ ಗಂಟಲ ಮೇಲೆ ಎರಡು ಬೆರಳಿಟ್ಟು ‘ಸ್’ ಎಳೆಯಿರಿ, ಎಳೆಯುತ್ತಲೇ ಗಂಟಲು ನಡುಗಿಸಿ. ನಾಲಗೆ ಮೇಲಕ್ಕೆ ಅಂಟಿದರೆ ಅದು ‘ಜ’ ಆಗಿಬಿಡುತ್ತದೆ. ಉರ್ದು ಮನೆಮಾತಿನ ಗೆಳೆಯರಿಗೆ ಈ ಸದ್ದೂ ಹಲ್ಲಿನ ‘ಫ’ವೂ ಹುಟ್ಟಿನಿಂದಲೇ ಬಂದಿರುತ್ತವೆ. ಅವರ ‘ಜಿಂದಗಿ’, ‘ನಮಾಜ್’ ಕೇಳಿಸಿಕೊಂಡರೆ ಯಾವ ಆ್ಯಪೂ ಬೇಡ. ಪಾವಗಡ ಕಡೆಯ ತೆಲುಗು ಮನೆಮಾತಿನವರಿಗೆ ಕನ್ನಡದವರ ತೊಂದರೆಗಳೇ ಬಹುಪಾಲು, ಅದರಲ್ಲೂ ಪದದ ಕೊನೆಗೆ ‘ಉ’ ಸೇರಿಸುವುದು.

ಹಳೇ ಮೈಸೂರು ಸೀಮೆಯ ಹಳ್ಳಿಮಾತಿನಲ್ಲಿ ‘ಹಾಲು’ ‘ಆಲು’ ಆಗುತ್ತದೆ. ಮನೆಯ ಮಾತಾಗಿ ಅದು ಚೆನ್ನ, ಅದನ್ನು ತಿದ್ದಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ‘ಹೇರ್’ ಎಂದರೆ ಕೂದಲು, ‘ಏರ್’ ಎಂದರೆ ಗಾಳಿ. ಆರಿಸಿದ ಫೋನಿನ ತಣ್ಣನೆಯ ಗಾಜನ್ನು ಬಾಯಿಗೆ ಹತ್ತಿರ ಹಿಡಿದು ‘ಹ’ ಎಂದರೆ ಮಬ್ಬು ಕಟ್ಟಬೇಕು. ಇನ್ನೊಂದು ನಮ್ಮ ಬಾಯಿಯ ಗುಣ, ‘ಎ’ ಮುಂದೆ ‘ಯ’, ‘ಒ’ ಮುಂದೆ ‘ವ’ ಬರುವುದು: ‘ಯೆಕ್ಸಾಮ್’, ‘ಯೆಗ್’, ‘ವೋನ್ಲಿ’, ‘ವೋಪನ್’. ‘ಎಲ್ಲ’, ‘ಒಂದು’ ಎನ್ನುವುದೂ ನಮ್ಮ ಬಾಯಲ್ಲಿ ಹಾಗೇ ತಾನೆ. ತಿದ್ದಲು ಬಾಯನ್ನು ಮೊದಲೇ ‘ಎ’ ಆಕಾರಕ್ಕೆ ತೆರೆದು, ಸದ್ದಿಲ್ಲದೆ ಒಂದು ಸೆಕೆಂಡ್ ನಿಂತು, ಆಮೇಲೆ ಸ್ವರ ಬಿಡಿ. ಬೇಕಾದ ಕಡೆ ಮಾತ್ರ ಈ ‘ಯ’ ಕಾಣೆಯಾಗುತ್ತದೆ: ‘ಇಯರ್’ ಎಂದರೆ ಕಿವಿ, ವರ್ಷಕ್ಕೆ ಮುಂದೆ ಸ್ಪಷ್ಟ ‘ಯ’ ಇರಲೇಬೇಕು.

ಡಿಕ್ಷನರಿಯ ಇನ್ನೊಂದು ಮಿತಿ, ಅದು ಸಾಮಾನ್ಯವಾಗಿ ಮೂಲ ಪದವನ್ನಷ್ಟೇ ಹೇಳುತ್ತದೆ. ಭೂತಕಾಲದ ‘ಇಡಿ’ (ed) ಬಾಲವನ್ನು ನಾವೇ ತೀರ್ಮಾನಿಸಬೇಕು. ‘ವಾಕೆಡ್’, ‘ವಾಚೆಡ್’ ಎನ್ನುವುದು ಬರಹ ನೋಡಿ ಓದಿದ ಫಲ. ನಿಯಮ ಸರಳ. ಮೂಲಪದ ಕ್, ಪ್, ಚ್, ಸ್, ಶ್, ಫ್ ಥರದ ಸದ್ದಿನಲ್ಲಿ ಮುಗಿದರೆ ಬಾಲ ‘ಟ್’: ವಾಕ್ಟ್, ವಾಚ್ಟ್. ಗ್, ಬ್, ಜ್, ವ್, ನ್, ಲ್ ಅಥವಾ ಸ್ವರದಲ್ಲಿ ಮುಗಿದರೆ ‘ಡ್’: ಪ್ಲೇಡ್, ಕಾಲ್ಡ್. ಟ್ ಅಥವಾ ಡ್‌ನಲ್ಲಿ ಮುಗಿದಾಗ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ಮಳೆ, ಕಾಲ ಸೇರಿ ಮಳೆಗಾಲ ಆಗುವ ಆದೇಶ ಸಂಧಿ ಓದಿದವರಿಗೆ, ಪಕ್ಕದ ಸದ್ದು ನೋಡಿ ವ್ಯಂಜನ ಬದಲಾಗುವುದು ಅಚ್ಚರಿಯಲ್ಲ.

ಪದ ಸರಿಯಾದ ಮೇಲೆ ವಾಕ್ಯ. ಇದಕ್ಕೆ ಯುಗ್ಲಿಷ್ ಎಂಬ ತಾಣವನ್ನು ಜೊತೆಗಿಟ್ಟುಕೊಳ್ಳಬೇಕು. ಒಂದು ಪದವನ್ನೋ ಪದಗುಚ್ಛವನ್ನೋ ಹಾಕಿದರೆ ಯೂಟ್ಯೂಬ್ ವಿಡಿಯೊಗಳಲ್ಲಿ ಜನ ಅದನ್ನು ಹೇಳಿದ ಕ್ಷಣಗಳನ್ನು ಒಂದಾದ ಮೇಲೊಂದು ತೋರಿಸುತ್ತದೆ, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಎಂದು ಆರಿಸಿಕೊಳ್ಳಬಹುದು. ಇಲ್ಲಿ ಮೊದಲು ಹುಡುಕಬೇಕಾದ್ದು ‘ಐ ಕ್ಯಾನ್’ ಮತ್ತು ‘ಐ ಕಾಂಟ್’. ಅಮೆರಿಕನ್ನರ ಮಾತಿನಲ್ಲಿ ‘ಆಗುತ್ತದೆ’ ಎನ್ನುವ ಕ್ಯಾನ್ ಬಹುತೇಕ ‘ಕನ್’ ಎಂದು ಕುಗ್ಗುತ್ತದೆ, ‘ಆಗುವುದಿಲ್ಲ’ ಎನ್ನುವುದು ‘ಕ್ಯಾಂಟ್’ ಎಂದು ಗಟ್ಟಿಯಾಗಿ ಬರುತ್ತದೆ, ಅದರ ಕೊನೆಯ ಟ್ ಕೇಳಿಸುವುದೇ ಕಷ್ಟ. ನಾವು ‘ಐ ಕ್ಯಾನ್ ಡು ಇಟ್’ ಎಂದು ಕ್ಯಾನ್ ಒತ್ತಿ ಹೇಳಿದರೆ ಅವರಿಗೆ ಆಗುವುದಿಲ್ಲ ಎಂದು ಕೇಳಿಸುವ ಅಪಾಯವಿದೆ.

ಪದದ ಕೊನೆಯ ‘ಉ’ ಹೋಗಿಸಲು ಲೋಪ ಸಂಧಿಗಿಂತ ಒಳ್ಳೆಯ ಉಪಾಯ ಕಾಣೆವು. ಊರು, ಅಲ್ಲಿ ಸೇರಿದರೆ ‘ಊರಲ್ಲಿ’, ‘ಉ’ ತಾನಾಗಿ ಹೋಗುತ್ತದೆ. ‘ಬಸ್ಸು ಈಸ್’ ಎನ್ನುವ ಬದಲು ‘ಬಸಿಝ್’ ಎಂದು, ‘ಗುಡ್ಡು ಐಡಿಯಾ’ ಬದಲು ‘ಗುಡೈಡಿಯಾ’ ಎಂದು ಕೂಡಿಸಿ ಹೇಳಿ.

ಅಂಕ ಕೊಡುವ ಆ್ಯಪ್‌ಗಳ ಬಗ್ಗೆ ಚಿಕ್ಕದಾಗಿ. ಎಲ್ಸಾ ಸ್ಪೀಕ್ ಥರದವು ನಮ್ಮ ಮಾತನ್ನು ಕೇಳಿ, ಸದ್ದು ಸದ್ದಿಗೂ ಬಣ್ಣ ಹಚ್ಚಿ ಸರಿ-ತಪ್ಪು ತೋರಿಸುತ್ತವೆ. ‘ವಿ’-‘ಡಬ್ಲ್ಯು’, ‘ಝಡ್’ ಥರದ ಬಿಡಿ ಸದ್ದಿಗೆ ಇದು ಉಪಯೋಗ, ಏಕೆಂದರೆ ನಮ್ಮ ಕಿವಿ ಹಿಡಿಯದ್ದನ್ನು ಯಂತ್ರ ಹಿಡಿಯುತ್ತದೆ. ಆದರೆ ಅಂಕದ ಬೆನ್ನು ಹತ್ತಿದರೆ ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಹೇಳುವ ಅಭ್ಯಾಸವಾಗಿ ಮಾತಿನ ಓಟ ಕೆಡುತ್ತದೆ. ವಾಹನದ ಸದ್ದು, ಫ್ಯಾನ್ ಗಾಳಿ ಇದ್ದರೂ ಅಂಕ ಇಳಿಯುತ್ತದೆ. ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರು ರೈಲಿನಲ್ಲಿ ಇಯರ್‌ಫೋನ್ ಹಾಕಿ ಕೇಳುವುದನ್ನು ಮಾಡಲಿ, ಹೇಳಿ ರೆಕಾರ್ಡ್ ಮಾಡುವುದನ್ನು ಮನೆಗೆ ಇಟ್ಟುಕೊಳ್ಳಲಿ.

ಬಳಸುವ ಕ್ರಮ ಇಷ್ಟು: ದಿನಕ್ಕೆ 15 ನಿಮಿಷ, 5 ಪದ. ಪದವನ್ನು ಮೂರು ಸಲ ಬರೀ ಕೇಳಿ, ಬಾಯಿ ತೆರೆಯಬೇಡಿ. ನಾಲ್ಕನೆಯ ಸಲ ತೊಡೆಯ ಮೇಲೆ ತಾಳ ಹಾಕುತ್ತಾ ಒತ್ತಿನ ಭಾಗಕ್ಕೆ ಜೋರಾಗಿ ತಟ್ಟಿ. ಆಮೇಲೆ ಹೇಳಿ, ಫೋನಿನ ರೆಕಾರ್ಡರಿನಲ್ಲಿ ಹಿಡಿಯಿರಿ. ಫೋನ್ ಬಾಯಿಂದ ಒಂದು ಗೇಣಿಗೆ ಸ್ವಲ್ಪ ಕಡಿಮೆ ದೂರದಲ್ಲಿ, ಒಂದು ಪಕ್ಕಕ್ಕಿರಲಿ. ನೇರ ಎದುರಿಗಿಟ್ಟರೆ ‘ಪ’ ಉಸಿರು ಮೈಕಿಗೆ ಬಡಿದು ಬುಸ್ ಎನ್ನುತ್ತದೆ. ಡಿಕ್ಷನರಿಯದು ಒಮ್ಮೆ, ನಿಮ್ಮದು ಒಮ್ಮೆ, ಹೀಗೆ ಅದಲುಬದಲಾಗಿ ಕೇಳಿ. ಕೊನೆಗೆ ಆ ಪದ ಹಾಕಿ ನಿಮ್ಮ ಕೆಲಸದಲ್ಲಿ ನಿಜವಾಗಿ ಹೇಳುವ ಒಂದು ವಾಕ್ಯ. ಪದವನ್ನು ಇನ್ನೂ ನಿಧಾನವಾಗಿ ಕೇಳಿಸಿಕೊಳ್ಳಬೇಕೆನ್ನಿಸಿದರೆ, ಗೂಗಲ್‌ನಲ್ಲಿ ಪದದ ಉಚ್ಚಾರಣೆ ಹುಡುಕಿದಾಗ ಬರುವ ಪೆಟ್ಟಿಗೆಯಲ್ಲಿ ನಿಧಾನದ ಆಯ್ಕೆ ಇದೆ.

ಕೆಡುವುದು ಎರಡು ಕಡೆ. ಒಂದು, ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳುವುದು. ಈ ಲೇಖನದಲ್ಲೂ ಕನ್ನಡ ಲಿಪಿಯೇ ಇದೆ, ಆದರೆ ಇದು ದಾರಿ ತೋರಿಸಲು ಮಾತ್ರ. ಒಂದು ವಾರದ ನಂತರ ನೀವು ಬರೆದ ‘ಕಂಪೋನಂಟ್’ ನೋಡಿ ಓದಿದರೆ ಕನ್ನಡದ ತೂಕವೇ ಮರಳಿ ಬರುತ್ತದೆ. ಬರೆಯುವುದಾದರೆ ಇಂಗ್ಲಿಷ್ ಕಾಗುಣಿತ ಬರೆದು ಒತ್ತಿನ ಭಾಗದ ಕೆಳಗೆ ಗೆರೆ ಎಳೆಯಿರಿ, ಅಷ್ಟು ಸಾಕು. ಎರಡು, ಇವತ್ತು ಯುಕೆ ನಾಳೆ ಯುಎಸ್ ಎಂದು ಬೆರೆಸುವುದು. ಒಂದನ್ನು ಹಿಡಿಯಿರಿ. ನಮ್ಮ ಸಲಹೆ ಯುಎಸ್: ‘ಕಾರ್’, ‘ವಾಟರ್’ ಕೊನೆಯ ‘ರ್’ ನಾವು ಹೇಗೂ ಹೇಳುತ್ತೇವೆ, ‘ಹಾಟ್’, ‘ಕಾಫಿ’ಗಳ ‘ಆ’ ಕೂಡ ನಮಗೆ ಹತ್ತಿರ. ಆ ‘ರ್’ ನಮ್ಮ ಹಾಗೆ ನಾಲಗೆ ಬಡಿದು ಬರುವುದಿಲ್ಲ, ನಾಲಗೆ ಎಲ್ಲಿಗೂ ತಾಗದೆ ಸುರುಳಿಯಾಗುತ್ತದೆ ಎಂಬುದನ್ನು ಗಮನಿಸಿದರೆ ಆಯಿತು. ‘ವಾಟರ್’ನ ಟ್ ಅನ್ನು ಅವರಂತೆ ‘ವಾಡರ್’ ಎನ್ನಲು ಹೋಗಬೇಡಿ, ಅದರಿಂದ ಸ್ಪಷ್ಟತೆಗೆ ಏನೂ ಸೇರುವುದಿಲ್ಲ.

ಫೋನಿನಲ್ಲಿ ಮಾತಾಡುವ ಕೆಲಸದವರು ಇನ್ನೊಂದು ತಿಳಿದಿರಬೇಕು. ಹಳೆಯ ಮಾದರಿಯ ದೂರವಾಣಿ ಸಂಪರ್ಕ ಸುಮಾರು 300ರಿಂದ 3,400 ಹರ್ಟ್ಸ್ ಒಳಗಿನ ಸದ್ದನ್ನಷ್ಟೇ ಸಾಗಿಸುತ್ತದೆ. ‘ಸ್’, ‘ಫ್’ಗಳ ವ್ಯತ್ಯಾಸ ಬಹುಪಾಲು ಅದಕ್ಕಿಂತ ಮೇಲಿರುತ್ತದೆ. ಹಾಗಾಗಿ ಎದುರಿನವರು ‘ಎಸ್’ ಬದಲು ‘ಎಫ್’ ಎಂದು ಕೇಳಿಸಿಕೊಂಡರೆ ಅದು ನಿಮ್ಮ ಉಚ್ಚಾರಣೆಯ ತಪ್ಪಲ್ಲ. ಅಲ್ಲಿ ಅಕ್ಷರದ ಜೊತೆ ‘ಶುಗರ್’ನ ಎಸ್, ‘ಫಾದರ್’ನ ಎಫ್ ಎಂದು ಪದ ಸೇರಿಸಿ ಹೇಳುವುದೇ ದಾರಿ.

ಒಂದು ತಿಂಗಳು ಹೀಗೆ ಮಾಡಿದ ಮೇಲೂ ಬಾಯೊಳಗಿನ ಸ್ಥಾನ ಸಿಗದಿದ್ದರೆ ಆಗ ತರಗತಿಗೆ ಸೇರುವುದು ಸರಿ. ಸೇರುವಾಗ ಮೂರು ಪ್ರಶ್ನೆ ಕೇಳಿ. ಮೊದಲ ದಿನ ನನ್ನ ಮಾತನ್ನು ರೆಕಾರ್ಡ್ ಮಾಡಿ ಏನೇನು ತಿದ್ದಬೇಕೆಂದು ಬರೆದುಕೊಡುತ್ತೀರಾ? ಒಂದು ಗಂಟೆಯಲ್ಲಿ ನಾನೊಬ್ಬನೇ ಮಾತಾಡಲು ಎಷ್ಟು ನಿಮಿಷ ಸಿಗುತ್ತದೆ? ಕನ್ನಡದವರಿಗೆ ಯಾವ ಸದ್ದು ಏಕೆ ಕಷ್ಟ? ಮೂರನೆಯದಕ್ಕೆ ಉತ್ತರಿಸುವಾಗ ಅವರು ‘ಪ’ದ ಉಸಿರನ್ನೋ ಪದದ ಒತ್ತನ್ನೋ ಹೇಳದೆ ಬರೀ ಟಂಗ್ ಟ್ವಿಸ್ಟರ್ ಹಾಳೆ ತೋರಿಸಿದರೆ ಇನ್ನೊಂದು ಕಡೆ ವಿಚಾರಿಸಿ. ಡಿಕ್ಷನರಿಯಲ್ಲಿ ಕೇಳಿಯೂ ಬಾರದ ಪದಗಳ ಪಟ್ಟಿ ಮತ್ತು ನಿಮ್ಮ ಮೊದಲ ವಾರದ ರೆಕಾರ್ಡಿಂಗ್ ಎರಡನ್ನೂ ಮೊದಲ ದಿನವೇ ಜೊತೆಗೆ ಒಯ್ಯಿರಿ.